ಅವ್ವನ ಟಿವಿಗೆ ಒಂದನೇ ನಂಬರ್

ಕಂಪ್ಯೂಟರಿನ ವಿಷಯದಲ್ಲಿ ನನಗೆ ಸ್ವಲ್ಪ ಹೆಸರಿದೆ. ಆ ಹೆಸರು ಕೊಟ್ಟವರು ಯಳಂದೂರಿನ ನಮ್ಮ ಕಚೇರಿಯವರು. ಅಲ್ಲಿ ನಾನು ಗುಮಾಸ್ತ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಎಲ್ಲರೂ ನನ್ನ ಕಡೆ ನೋಡುತ್ತಾರೆ. ನಾನು ನಿಧಾನವಾಗಿ ಎದ್ದು, ಅಂಗಿಯ ತೋಳು ಮಡಿಸಿ, ಮುಚ್ಚಳ ತೆಗೆದು, ಕಾಗದದ ತುದಿ ಹಿಡಿದು ಎಳೆಯುತ್ತೇನೆ. ಅದು ಬರುತ್ತದೆ. "ಸಿದ್ರಾಜು ಸಾ ಇಲ್ಲಾಂದ್ರೆ ಆಪೀಸೇ ನಡೆಯಕಿಲ್ಲ ಕಣ್ರಿ" ಎನ್ನುತ್ತಾರೆ. ಇಷ್ಟೇ ನನ್ನ ವಿದ್ಯಾರ್ಹತೆ. ಇಷ್ಟನ್ನೇ ನಂಬಿಕೊಂಡು ನಾನು ಕೊಳ್ಳೇಗಾಲದ ನಮ್ಮ ಮನೆಯ ಇಂಟರ್ನೆಟ್ಟಿಗೆ ಕೈ ಹಾಕಿದೆ!

ನಮ್ಮ ಮನೆ ಅಗಲಕ್ಕಿಂತ ಉದ್ದವೇ ಹೆಚ್ಚು. ಹಿಂಭಾಗ ಅಪ್ಪನ ಕಾಲದ ದಪ್ಪ ಮಣ್ಣುಗೋಡೆಯದು, ಮುಂಭಾಗದಲ್ಲಿ ನಾನು ಎಬ್ಬಿಸಿದ ಮಹಡಿ. ಹಿಂದಿನ ಕೋಣೆಯಲ್ಲಿ ಅವ್ವ ಮತ್ತು ಅವ್ವನ ಟಿವಿ. ಮಹಡಿಯಲ್ಲಿ ನನ್ನ ಹೆಂಡತಿ ಸವಿತಾ ಮತ್ತು ಅವಳ ಸೀರೆಗಳು.

ಸವಿತಾ ಹನೂರಿನವಳು. ಆದರೂ ಕೊಳ್ಳೇಗಾಲದ ರೇಷ್ಮೆ ಸೀರೆಯ ಬಗ್ಗೆ ಇಲ್ಲೇ ಹುಟ್ಟಿ ಬೆಳೆದ ನನಗಿಂತ ಅವಳಿಗೆ ಹೆಚ್ಚು ಗೊತ್ತು. ಪಕ್ಕದ ಬೀದಿಯ ನೇಕಾರರ ಮನೆಗಳಿಂದ ಸೀರೆ ತಂದು, ಸಂಜೆ ಏಳಕ್ಕೆ ಮಹಡಿಯಲ್ಲಿ ದೀಪ ಹಾಕಿ, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಲೈವ್‌ನಲ್ಲಿ ಒಂದೊಂದನ್ನೇ ಬಿಚ್ಚಿ ತೋರಿಸುತ್ತಾಳೆ. ಎಲ್ಲೆಲ್ಲಿಯದೋ ಹೆಂಗಸರು ನೋಡಿ "ಇದು ನನಗೆ, ಅದು ನನಗೆ" ಎಂದು ಬರೆಯುತ್ತಾರೆ. ಪಕ್ಕದಲ್ಲಿರುವ ಪುಟ್ಟ ಪ್ರಿಂಟರ್ ಅವರ ವಿಳಾಸದ ಚೀಟಿ ಹೊರಹಾಕುತ್ತದೆ. ನೇಕಾರರು ಅವಳ ಮುಖ ನೋಡಿ ಸೀರೆ ಕೊಡುತ್ತಾರೆ. ಆ ನಂಬಿಕೆಯೇ ಅವಳ ಅಂಗಡಿ. ದೀಪ ಹಿಡಿದು ನಿಲ್ಲುವುದು ನನ್ನ ಕೆಲಸ.

ನಮ್ಮ ಬೀದಿಯಲ್ಲಿ ಮೊಬೈಲ್ ಸಿಗ್ನಲ್ಲು ಮಾತಿಗಷ್ಟೇ ಸಾಕು, ಲೈವ್‌ಗೆ ಸಾಲದು. ಹಾಗಾಗಿ ಮನೆಗೆ ನೆಟ್ ಹಾಕಿಸಿದ್ದೆವು. ಮಣ್ಣುಗೋಡೆ ವೈಫೈಯನ್ನು ಒಳಕ್ಕೆ ಬಿಡುವುದಿಲ್ಲವೆಂದು ಮೆಶ್ ಎಂಬುದನ್ನೂ ತಂದೆವು. ಮೆಶ್ ಅಂದರೆ ಬೇರೇನಲ್ಲ, ಮೂರು ಬಿಳಿ ಡಬ್ಬಿ. ನಡುಮನೆಯಲ್ಲಿ ಮುಖ್ಯ ಡಬ್ಬಿ, ಅವ್ವನ ಕೋಣೆಯ ಹತ್ತಿರ ಒಂದು, ಮಹಡಿಯಲ್ಲಿ ಒಂದು. ಒಂದರಿಂದ ಒಂದಕ್ಕೆ ನೆಟ್ ದಾಟುತ್ತದೆ.

ಎಲ್ಲ ಸರಿಯಿತ್ತು, ಪ್ರಿಂಟರ್ ಒಂದನ್ನು ಬಿಟ್ಟು. ಕರೆಂಟ್ ಹೋಗಿ ಬಂದಾಗಲೆಲ್ಲ ಅದು ಫೋನಿಗೆ ಸಿಗುತ್ತಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿ ಕಾರಣ ಕಂಡುಹಿಡಿದೆ. ಮುಖ್ಯ ಡಬ್ಬಿಯು ಮನೆಯ ಪ್ರತಿಯೊಂದು ಯಂತ್ರಕ್ಕೂ ಒಂದು ನಂಬರ್ ಹಂಚುತ್ತದೆ. ಅದಕ್ಕೆ ಐಪಿ ಅಡ್ರೆಸ್ ಎನ್ನುತ್ತಾರೆ; ಉದ್ದನೆಯ ಅಂಕಿಸಾಲು, ಅದರಲ್ಲಿ ಕೊನೆಯದಷ್ಟೇ ಯಂತ್ರದಿಂದ ಯಂತ್ರಕ್ಕೆ ಬೇರೆ. ಕರೆಂಟ್ ಹೋಗಿ ಬಂದರೆ ಪ್ರಿಂಟರಿಗೆ ಬೇರೆ ನಂಬರ್ ಬೀಳುತ್ತದೆ. ಪಾಪ, ಫೋನು ಹಳೆಯ ನಂಬರಿನಲ್ಲೇ ಅದನ್ನು ಹುಡುಕುತ್ತಿರುತ್ತದೆ. ಇದಕ್ಕೆ ಮದ್ದು, ಡಬ್ಬಿಯ ಜೊತೆ ಬಂದ ಫೋನ್ ಆ್ಯಪ್ ತೆರೆದು ರಿಸರ್ವ್ ಮಾಡುವುದು. ಆ್ಯಪ್‌ನಲ್ಲಿ "ಈ ನಂಬರ್ ಈ ಯಂತ್ರಕ್ಕೇ" ಎಂದು ಬರೆದಿಟ್ಟರೆ ಮುಗಿಯಿತು.

"ಪ್ರಿಂಟರಿಗೊಂದು ಕೊಟ್ಬಿಡಿ ಕಣ್ರೀ, ಸಾಕು" ಎಂದಳು ಸವಿತಾ.

ಸಾಕು! ಕಚೇರಿಯನ್ನೇ ನಡೆಸುವವನಿಗೆ ಒಂದು ಪ್ರಿಂಟರ್ ಸಾಕೆ? "ಕೊಡುವುದಾದರೆ ಎಲ್ಲಕ್ಕೂ ಕೊಡಬೇಕು. ಕ್ರಮಬದ್ಧವಾಗಿ ಕೊಡಬೇಕು" ಎಂದು ಘೋಷಿಸಿ ಕುಳಿತೆ.

ಕ್ರಮ ಅಂದರೆ ಯಾವ ಕ್ರಮ? ಅಲ್ಲೇ ನಾನು ಎಡವಿದ್ದು. ನಮ್ಮ ಕಡೆ ಎಲೆ ಅಡಿಕೆ ಹಂಚುವುದಿರಲಿ, ಹಬ್ಬದ ಊಟ ಬಡಿಸುವುದಿರಲಿ, ಮೊದಲು ಹಿರಿಯರಿಗೆ. ಇದು ತಪ್ಪಿದರೆ ಸುಮ್ಮನಿರುವ ಜನ ನಾವಲ್ಲ. ನಮ್ಮ ದೊಡ್ಡಪ್ಪ ಒಮ್ಮೆ ಹೂಗ್ಯಂನಲ್ಲಿ ವೀಳ್ಯಶಾಸ್ತ್ರದ ದಿನ ತನಗಿಂತ ಮೊದಲು ಇನ್ನೊಬ್ಬರಿಗೆ ವೀಳ್ಯ ಕೊಟ್ಟರೆಂದು, ಹಾಕಿದ ಎಲೆ ಬಿಟ್ಟೆದ್ದು ಬಸ್ಸು ಹತ್ತಿದ್ದರು. ಅಂಥ ವಂಶದವನಾದ ನಾನು ನಮ್ಮ ಮನೆಯ ಹಿರಿಯಳನ್ನು ಬಿಟ್ಟು ಪ್ರಿಂಟರಿಗೆ ಮೊದಲ ನಂಬರ್ ಕೊಡಲೆ? ಆದ್ದರಿಂದ ಅವ್ವನ ಟಿವಿಗೆ ಒಂದು. ನನ್ನ ಲ್ಯಾಪ್‌ಟಾಪಿಗೆ ಎರಡು. ಸವಿತಾಳ ಫೋನಿಗೆ ಮೂರು. ಪ್ರಿಂಟರಿಗೆ ನಾಲ್ಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ಅವ್ವನ ಟಿವಿಗೆ ನೆಟ್ಟೇ ಬೇಕಿರಲಿಲ್ಲ! ಅವಳು ನೋಡುವುದು ಕೇಬಲ್ಲಿನಲ್ಲಿ ಬರುವ ಧಾರಾವಾಹಿ. ಟಿವಿಯಲ್ಲಿ ವೈಫೈ ಇದೆಯಲ್ಲ ಎಂದು ನಾನೇ ಜೋಡಿಸಿಟ್ಟಿದ್ದೆ. ಆದರೂ ಎಲ್ಲರಿಗೂ ಕೊಟ್ಟು ಅವ್ವನಿಗೆ ಕೊಡದಿದ್ದರೆ ಚೆನ್ನಾಗಿರುತ್ತದೆಯೇ?

ಆ್ಯಪ್‌ನಲ್ಲಿ ಅವ್ವನ ಟಿವಿಯ ಮುಂದೆ ಒಂದು ಎಂದು ಒತ್ತಿದೆ. ಕೆಂಪು ಅಕ್ಷರಗಳು ಮೂಡಿದವು: ಈ ನಂಬರ್ ಕೊಡಲಾಗದು. ಮತ್ತೆ ಒತ್ತಿದೆ. ಮತ್ತೆ ಕೆಂಪು. ನನಗೆ ಸಿಟ್ಟು ಬಂತು. ನಮ್ಮವ್ವನಿಗೆ ಮೊದಲ ಸ್ಥಾನ ಕೊಡಲು ಆಗುವುದಿಲ್ಲ ಎನ್ನಲು ಇದು ಯಾರು? ಹಿರಿಯರು ಕಿರಿಯರು ಎಂಬುದು ಗೊತ್ತಿಲ್ಲದವರು ಮಾಡಿದ ಆ್ಯಪ್ ಇರಬೇಕು ಎಂದುಕೊಂಡು, ಸೀದಾ ಅವ್ವನ ಕೋಣೆಗೆ ಹೋಗಿ, ಟಿವಿಯ ಸೆಟ್ಟಿಂಗ್ಸ್ ತೆರೆದು, ಅಲ್ಲೇ ಕೈಯಾರೆ ಒಂದನೇ ನಂಬರ್ ಬರೆದುಬಿಟ್ಟೆ. ಟಿವಿ ಒಪ್ಪಿಕೊಂಡಿತು. ಟಿವಿಗೆ ಸಂಸ್ಕಾರವಿತ್ತು.

"ಅವ್ವ, ಈ ಮನೆಯಲ್ಲಿ ಒಂದನೇ ನಂಬರ್ ನಿನ್ನದೇ" ಎಂದೆ.

"ಅಂಗಾ? ಸರಿ, ಆ ರಿಮೋಟು ಇತ್ತ ಕೊಡು" ಎಂದಳು ಅವ್ವ.

ಮರುದಿನ ಸಂಜೆ ಏಳು ಗಂಟೆ. ಸವಿತಾ ಮೊದಲ ಸೀರೆ ಬಿಚ್ಚಿದಳು. ಸೆರಗು ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಲೈವ್ ನಿಂತುಹೋಯಿತು. ಫೋನಿನ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿತ್ತು, ಅಷ್ಟೇ. ಅದರ ಮರುದಿನವೂ ಹಾಗೇ. ಬೆಳಗ್ಗೆ ಇರುತ್ತದೆ, ಮಧ್ಯಾಹ್ನ ಇರುತ್ತದೆ, ಸಂಜೆ ಏಳಕ್ಕೆ ಸರಿಯಾಗಿ ಹೋಗುತ್ತದೆ.

ನೆಟ್ ಕನೆಕ್ಷನ್ನಿನವನಿಗೆ ಫೋನು ಮಾಡಿದೆ. ಬೆಳಗ್ಗೆ ಬಂದು ನೋಡಿದ. "ಸಾ, ಲೈಟು ಅಸ್ರು ಉರೀತಾ ಅದೆ. ಸ್ಪೀಡು ಬತ್ತಾ ಅದೆ. ಇನ್ನೇನ್ ಆಗ್ಬೇಕು ಸಾ?"

"ಸಂಜೆ ಏಳಕ್ಕೆ ಹೋಗುತ್ತಪ್ಪ."

"ಸಂಜೆ ಏಳ್ಗಂಟೆಗೆ ನಾನೂ ಮನೆಗೆ ಓಯ್ತೀನಿ ಸಾ" ಎಂದು ಬೈಕು ಹತ್ತಿದ.

ಇನ್ನು ನಾನೇ ಇಳಿದೆ. ಮಹಡಿಯ ಡಬ್ಬಿಯನ್ನು ಬೀರುವಿನ ಮೇಲಿಟ್ಟೆ, ಕಿಟಕಿಯಲ್ಲಿಟ್ಟೆ, ಮೆಟ್ಟಿಲಿನ ಮೇಲಿಟ್ಟು ಒಮ್ಮೆ ಎಡವಿ ಬಿದ್ದೆ. ಮುಖ್ಯ ಡಬ್ಬಿಗೆ ಎತ್ತರ ಬೇಕೆಂದು ಯಾರೋ ಬರೆದದ್ದನ್ನು ಓದಿ ದೇವರ ಗೂಡಿನ ಮೇಲಿಟ್ಟೆ. ಬೆಳಗ್ಗೆ ಏಳುವಷ್ಟರಲ್ಲಿ ಅವ್ವ ಅದಕ್ಕೆ ಕುಂಕುಮವಿಟ್ಟು ಹೂ ಮುಡಿಸಿದ್ದಳು. ಡಬ್ಬಿ ಲಕ್ಷಣವಾಗಿ ಕಂಡಿತು. ನೆಟ್ ಮಾತ್ರ ಸಂಜೆ ಏಳಕ್ಕೆ ಹೋಗುವುದನ್ನು ಬಿಡಲಿಲ್ಲ.

ಆಮೇಲೆ ನನ್ನ ಕಣ್ಣು ಎದುರು ಮನೆಯ ಮೇಲೆ ಬಿತ್ತು. ಅಲ್ಲಿರುವುದು ಪುಟ್ಟಮಾದಮ್ಮ, ಅವ್ವನ ವಾರಿಗೆಯವಳು. ಅವಳ ಮಗ ಆಟೋ ಓಡಿಸುತ್ತಾನೆ. ಅವನೂ ಹೊಸದಾಗಿ ವೈಫೈ ಹಾಕಿಸಿದ್ದ. ಅದರ ಹೆಸರು ನನ್ನ ಫೋನಿನಲ್ಲಿ ಕಾಣುತ್ತಿತ್ತು. ಸಂಜೆ ಅವನು ಮನೆಗೆ ಬಂದ ಮೇಲೆ ಅವರ ವೈಫೈ ರಸ್ತೆ ದಾಟಿ ಬಂದು ನಮ್ಮದನ್ನು ತಳ್ಳುತ್ತಿದೆ ಎಂದು ತೀರ್ಮಾನಿಸಿದೆ. ಹೋಗಿ ಅವರ ಜಗಲಿಯ ಮೇಲೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ, "ನಿಮ್ಮ ಡಬ್ಬಿಯನ್ನು ಆ ಕಡೆ ಗೋಡೆಗೆ ತಿರುಗಿಸಿ" ಎಂದೆ.

"ನಮ್ ಡಬ್ಬಿ ನಮ್ಮನೇಲಿ ತೆಪ್ಪಗೆ ಕುಂತದೆ ಕಣಪ್ಪ. ಅದ್ಯಾಕ್ ನಿಮ್ಮನ್ಗೆ ಬಂದದು?" ಎಂದಳು ಪುಟ್ಟಮಾದಮ್ಮ. ನಾನು ಅಲೆಗಳ ಬಗ್ಗೆ ವಿವರಿಸಿದೆ. ಅವಳು ನನ್ನನ್ನು ಒಂದು ಥರ ನೋಡಿ, "ಆಯ್ತು ಓಗಪ್ಪ, ತಿರುಗುಸ್ತೀವಿ" ಎಂದಳು. ಗೆದ್ದೆ ಎಂದುಕೊಂಡು ಬಂದೆ. ಸಂಜೆ ಏಳಕ್ಕೆ ನೆಟ್ ಹೋಯಿತು.

ಈ ನಡುವೆ ಸವಿತಾಳ ಮುಖ ದಿನದಿನಕ್ಕೆ ಸಣ್ಣದಾಗುತ್ತಿತ್ತು. ಮದುವೆ ಸೀರೆ ನೋಡಲೆಂದು ಲೈವ್‌ಗೆ ಬಂದ ಒಂದು ಮನೆಯವರು ಚಕ್ರ ತಿರುಗುವುದನ್ನಷ್ಟೇ ನೋಡಿ ಬೇರೆ ಕಡೆ ತೆಗೆದುಕೊಂಡರು. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬರುತ್ತಿತ್ತು. ಹಬ್ಬಕ್ಕೆ ಮುಂಚಿನ ಶುಕ್ರವಾರದ ಲೈವ್‌ಗೆಂದು ಅವಳು ಮಂಚದ ತುಂಬ ಸೀರೆ ತಂದಿಟ್ಟುಕೊಂಡಿದ್ದಳು.

"ಅವತ್ತೂ ಹಿಂಗೇ ಆದ್ರೆ ಸೀರೆನೆಲ್ಲ ನೇಯ್ದೋರಿಗೆ ವಾಪಸ್ ಕೊಟ್ಟು ಬಾಗಿಲು ಹಾಕ್ತೀನಿ ಕಣ್ರೀ" ಎಂದಳು. "ಅವ್ರೂ ಹಬ್ಬ ಮಾಡ್ಬೇಕಲ್ವ? ನನ್ನ ನಂಬ್ಕೊಂಡು ಎಷ್ಟು ದಿನ ಅಂತ ಕೂತಾರು?"

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಮೆಲ್ಲಗೆ ಹೇಳಿದಳು: "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅತ್ತೆ ಟಿವಿ ಹಾಕಿದ ತಕ್ಷಣ ನೆಟ್ ಹೋಗುತ್ತೆ. ನಾನು ಎಷ್ಟೋ ಸಲ ನೋಡಿದೀನಿ."

ನಾನು ಎದ್ದು ನಿಂತೆ. ಅಡುಗೆಮನೆಯ ಬಾಗಿಲಲ್ಲಿ ನಿಂತೇ ಒಂದು ಭಾಷಣ ಮಾಡಿದೆ. ಕೇಬಲ್ ಬೇರೆ ತಂತಿ, ನೆಟ್ ಬೇರೆ ತಂತಿ, ಇವೆರಡರ ನಡುವೆ ಯಾವುದೇ ಕಾರ್ಯಕಾರಣ ಸಂಬಂಧವಿಲ್ಲ ಎಂದೆ. ಒಬ್ಬ ಮುದುಕಿ ಟಿವಿ ಹಾಕಿದರೆ ಇಡೀ ಮನೆಯ ನೆಟ್ ಹೋಗುತ್ತದೆ ಎನ್ನುವುದು, ಬೆಕ್ಕು ಅಡ್ಡ ಬಂದರೆ ಬಸ್ಸು ಕೆಡುತ್ತದೆ ಎನ್ನುವಂಥ ಮೂಢನಂಬಿಕೆ ಎಂದೆ. "ನನ್ನ ಮನೆಯಲ್ಲಿ ಇಂಥ ಮಾತು ಇನ್ನೊಮ್ಮೆ ಕೇಳಬಾರದು!" ಎಂದು ಮುಗಿಸಿದೆ. ತಿರುಗಿ ನೋಡಿದರೆ ಅವ್ವ ಹಿಂದೆ ಲೋಟ ಹಿಡಿದು ನಿಂತಿದ್ದಳು. ಕಾಫಿಗೆ ಬಂದವಳು. ಖಾಲಿ ಲೋಟವನ್ನು ಕಟ್ಟೆಯ ಮೇಲಿಟ್ಟು ತನ್ನ ಕೋಣೆಗೆ ಹೋದಳು.

ಆ ದಿನವೇ ಕೊನೆಯ ಅಸ್ತ್ರ ಬಿಟ್ಟೆ. ಮೂರೂ ಡಬ್ಬಿಗಳ ಹಿಂದಿನ ತೂತಿಗೆ ಪಿನ್ನು ಚುಚ್ಚಿ, ಇದ್ದದ್ದನ್ನೆಲ್ಲ ಅಳಿಸಿ, ಮೊದಲಿನಿಂದ ಜೋಡಿಸಿದೆ. ಎಲ್ಲಕ್ಕೂ ಹಳೆಯ ನಂಬರುಗಳನ್ನೇ ಮತ್ತೆ ಕೊಟ್ಟೆ. ಅವ್ವನ ಟಿವಿಯನ್ನು ಮುಟ್ಟಲಿಲ್ಲ, ಅದರ ನಂಬರ್ ಅದರೊಳಗೇ ಭದ್ರವಾಗಿತ್ತಲ್ಲ! ಸಂಜೆ ಏಳಾಯಿತು. ಸವಿತಾ ಸೀರೆ ಬಿಚ್ಚಿದಳು. ನಾನು ದೀಪ ಹಿಡಿದು ಉಸಿರು ಬಿಗಿಹಿಡಿದು ನಿಂತೆ. ನೆಟ್ ಹೋಗಲಿಲ್ಲ. ಕೊನೆಯ ಸೀರೆಯವರೆಗೂ ಹೋಗಲಿಲ್ಲ! ಮರುದಿನವೂ ಹೋಗಲಿಲ್ಲ. ಆ ವಾರವೆಲ್ಲ ಹೋಗಲಿಲ್ಲ.

ಅಲ್ಲಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಚೇರಿಯಲ್ಲಿ ಊಟದ ಡಬ್ಬಿ ತೆರೆಯುವ ಮೊದಲು ನೆಟ್‌ವರ್ಕ್ ಬಗ್ಗೆ ನಾಲ್ಕು ಮಾತು ಹೇಳದೆ ಇರುತ್ತಿರಲಿಲ್ಲ. ಹೊನ್ನೂರಿನಿಂದ ಬರುವ ಸಹೋದ್ಯೋಗಿಯೊಬ್ಬರು ನನ್ನ ಪಕ್ಕದ ಕುರ್ಚಿ ಬಿಟ್ಟು ದೂರ ಕೂರತೊಡಗಿದರು. ಹನೂರಿನಲ್ಲಿ ಮನೆಯಲ್ಲೇ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಬಾಮೈದ ಮಹೇಶ ಫೋನು ಮಾಡಿ, ತನ್ನ ಪ್ರಿಂಟರೂ ಹೀಗೇ ಕಾಟ ಕೊಡುತ್ತಿದೆ ಎಂದ. ನಾನು ಕಣ್ಣು ಮುಚ್ಚಿಕೊಂಡು ಉಪದೇಶಿಸಿದೆ.

"ಮೊದಲು ಮಾವನವರ ಟಿವಿಗೆ ಒಂದನೇ ನಂಬರ್ ಕೊಡು. ಆ್ಯಪ್ ಬೇಡ ಅನ್ನುತ್ತೆ, ಕೇಳಬೇಡ. ಟಿವಿಯೊಳಗೇ ಹೋಗಿ ಬರೆ. ಆಮೇಲೆ ಉಳಿದವರಿಗೆ."

"ಆಯ್ತು ಬಾವ, ಬಿಡುವಾದಾಗ ಮಾಡ್ತೀನಿ" ಎಂದ.

ಶುಕ್ರವಾರ ಬಂತು. ಸವಿತಾಳ ದೊಡ್ಡ ಲೈವ್‌ನ ದಿನ. ಅವತ್ತೇ ಬಸ್ಸು ತಡವಾಗಬೇಕೆ! ಯಳಂದೂರಿನಿಂದ ಹೊರಟ ಬಸ್ಸಿನಲ್ಲಿ ನಮ್ಮ ಬೀದಿಯ ರಾಚಪ್ಪನವರೂ ಇದ್ದರು. ಅಪ್ಪನ ಸ್ನೇಹಿತರು, ಕಿವಿ ಸ್ವಲ್ಪ ಮಂದ, ಹಾಗಾಗಿ ದನಿ ಜೋರು. ಮುಂದಿನ ಸೀಟಿನಿಂದ ತಿರುಗಿ ಇಡೀ ಬಸ್ಸಿಗೆ ಕೇಳುವಂತೆ ಅಂದರು:

"ಏನ್ಲಾ ಸಿದ್ರಾಜ, ಅವ್ವುನ್ಗೆ ಮನೇಲಿ ಟಿವಿ ನೋಡಕ್ಕೂ ಬುಡಕಿಲ್ವಂತೆ?"

ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ. ಕಬ್ಬಿನ ಜಲ್ಲೆ ಹಿಡಿದು ಕುಳಿತಿದ್ದ ಹೆಂಗಸೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರು ಹೇಳಿದ್ದು?" ಎಂದೆ. "ಯಾರ್ ಯೋಳ್ಬೇಕ್ಲಾ? ದಿನಾ ಏಳ್ಗಂಟೆಗೆ ನಿಮ್ಮವ್ವ ಪುಟ್ಟಮಾದಮ್ಮನ ಜಗಲಿ ಮ್ಯಾಲೆ ಕುಂತಿರ್ತದೆ. ಬೀದೀಗೆಲ್ಲ ಕಾಣ್ತದೆ" ಎಂದರು ರಾಚಪ್ಪ. ಬಸ್ಸು ಕೊಳ್ಳೇಗಾಲ ಸೇರುವವರೆಗೂ ಯಾರೂ ನನ್ನ ಪಕ್ಕದ ಸೀಟಿನಲ್ಲಿ ಕೂರಲಿಲ್ಲ.

ಬೀದಿಗೆ ಕಾಲಿಟ್ಟಾಗ ಏಳು ದಾಟಿತ್ತು. ನಮ್ಮ ಮಹಡಿಯಲ್ಲಿ ದೀಪ ಉರಿಯುತ್ತಿತ್ತು, ಸವಿತಾಳ ದನಿ ಸಣ್ಣಗೆ ಕೇಳುತ್ತಿತ್ತು. ಎದುರು ಮನೆಯ ಬಾಗಿಲು ತೆರೆದಿತ್ತು. ಒಳಗೆ ಟಿವಿ, ಅದರ ಮುಂದೆ ಚಾಪೆಯ ಮೇಲೆ ಅಕ್ಕಪಕ್ಕದ ಹೆಂಗಸರು. ಮಂಡಿನೋವಿಗೆ ಚಾಪೆಯ ಮೇಲೆ ಕೂರಲಾಗದ ನಮ್ಮವ್ವ ಹೊರಗೆ ಜಗಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು, ಕತ್ತು ಹೊರಳಿಸಿ, ಬಾಗಿಲ ಸಂದಿಯಿಂದ ಧಾರಾವಾಹಿ ನೋಡುತ್ತಿದ್ದಳು.

"ಅವ್ವ! ಇಲ್ಲೇನು ಮಾಡ್ತಿದ್ದೀಯ?"

"ಟಿವಿ ನೋಡ್ತಾವ್ನಿ ಕಣಪ್ಪ."

"ಯಾಕೆ, ನಮ್ಮನೇಲಿ ಟಿವಿ ಇಲ್ವ?"

"ಅದ್ನ ನೀನೇ ಯೋಳ್ಬೇಕು" ಎಂದಳು ಒಳಗಿನಿಂದ ಪುಟ್ಟಮಾದಮ್ಮ.

ಅವ್ವ ದನಿ ತಗ್ಗಿಸಿದಳು. "ನಾನ್ ಆಕುದ್ರೆ ಸವಿತಂದು ನಿಂತೋಯ್ತದೆ ಮಗ. ಅವ್ಳು ಬಾಯ್ಬುಟ್ಟು ನನ್ಗೇನೂ ಅಂದಿಲ್ಲ. ನಾನೇ ಬಂದೆ. ಎಲ್ಲಿ ನೋಡುದ್ರೇನು, ಅದೇ ದಾರಾವಾಯಿ ತಾನೆ?"

ತಲೆಯಲ್ಲಿ ಸ್ವಲ್ಪವಾದರೂ ಬುದ್ಧಿ ಇದ್ದವನು ಅಲ್ಲೇ ನಿಂತು ಯೋಚಿಸುತ್ತಿದ್ದ. ನೆಟ್ ಸರಿಹೋದ ದಿನವೂ ಅವ್ವ ಟಿವಿ ಬಿಟ್ಟ ದಿನವೂ ಒಂದೇ ಎಂದು ಲೆಕ್ಕ ಹಾಕುತ್ತಿದ್ದ. ನನ್ನ ತಲೆಯಲ್ಲಿ ಬಸ್ಸಿನ ಜನರೇ ತುಂಬಿದ್ದರು. ಬೀದಿಯ ಮುಂದೆ ನನ್ನ ಮಾನ ಉಳಿಯಬೇಕಿತ್ತು. ಮೂಢನಂಬಿಕೆ ಅಳಿಯಬೇಕಿತ್ತು. ಎರಡೂ ಒಂದೇ ಏಟಿಗೆ ಆಗುತ್ತವೆ ಎಂದುಕೊಂಡೆ.

"ಎಲ್ಲರೂ ಬನ್ನಿ ನಮ್ಮನೆಗೆ! ಅವ್ವನ ಟಿವಿ ಹಾಕ್ತೀನಿ. ಏನಾಗುತ್ತೆ ನೀವೇ ನೋಡಿ" ಎಂದೆ.

ಅವರು ಬಂದೇಬಿಟ್ಟರು! ಧಾರಾವಾಹಿಯಲ್ಲಿ ಜಾಹೀರಾತು ಬಂದಿತ್ತು. ಅವ್ವ ಮಾತ್ರ ನನ್ನ ತೋಳು ಹಿಡಿದು ಎಳೆಯುತ್ತಿದ್ದಳು. "ಬ್ಯಾಡ ಕಣ್ಲಾ ಮಗ. ಇವತ್ತು ಬ್ಯಾಡ. ಅವ್ಳು ಮ್ಯಾಲೆ ಸೀರೆ ತೋರುಸ್ತಾವ್ಳೆ. ನಾಳೀಕೆ ಆಕು."

ಅವ್ವನ ಕೋಣೆಯಲ್ಲಿ ಹೆಂಗಸರು ಸಾಲಾಗಿ ನಿಂತರು. ನಾನು ರಿಮೋಟ್ ಎತ್ತಿ ಹಿಡಿದೆ. "ನೋಡಿ, ಇದು ಕೇಬಲ್. ಅದು ನೆಟ್. ಇದಕ್ಕೂ ಅದಕ್ಕೂ ಯಾವುದೇ ಸಂಬಂಧ..." ಎನ್ನುತ್ತ ಗುಂಡಿ ಒತ್ತಿದೆ. ಟಿವಿ ಬಂತು.

"ರೀ!" ಎಂಬ ಕೂಗು ಮಹಡಿಯಿಂದ ಬಂತು.

"ಅಯ್ಯೋ ಸಿವ್ನೆ" ಎಂದಳು ಪುಟ್ಟಮಾದಮ್ಮ.

"ಇದು ಕಾಕತಾಳೀಯ" ಎಂದು ನಾನು ಟಿವಿ ಆರಿಸಿದೆ. ತುಸು ಹೊತ್ತಿಗೆ ಮೇಲಿನಿಂದ "ಬಂತು, ಬಂತು" ಎಂದು ಕೇಳಿಸಿತು. ಕಾಕತಾಳೀಯ ಎಂಬುದನ್ನು ಸಾಧಿಸಿ ತೋರಿಸಬೇಕಲ್ಲ? ಮತ್ತೆ ಒತ್ತಿದೆ.

"ರೀ!!"

ಮೂರನೆಯ ಸಲ ಒತ್ತಲು ಬೆರಳು ಎತ್ತಿದ್ದೆ. ಅವ್ವ ರಿಮೋಟ್ ಕಿತ್ತುಕೊಂಡಳು.

ಸವಿತಾ ಮೆಟ್ಟಿಲಿಳಿದು ಬಂದಳು. ಹೆಗಲ ಮೇಲೆ ಅರ್ಧ ಬಿಚ್ಚಿದ ಮಾವಿನಕಾಯಿ ಬಣ್ಣದ ಸೀರೆ. ಟಿವಿಯನ್ನು ನೋಡಿದಳು, ಹೆಂಗಸರನ್ನು ನೋಡಿದಳು, ನನ್ನನ್ನು ನೋಡಿದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಹನೂರಿನ ಮಹೇಶ. ಮಾತು ಬೇರೆ ಕಡೆ ತಿರುಗಲಿ ಎಂದು ಸ್ಪೀಕರಿಗೇ ಹಾಕಿದೆ. ನನ್ನ ಬುದ್ಧಿಗಿಷ್ಟು!

"ಬಾವ, ನೀವ್ ಯೋಳ್ದಂಗೆ ಅಪ್ಪನ ಟಿವಿಗೆ ಒಂದ್ನೇ ನಂಬರ್ ಕೊಟ್ಟೆ. ಅಪ್ಪ ಟಿವಿ ಆಕುದ್ರೆ ಸಾಕು, ನಮ್ಮನೆ ನೆಟ್ಟು ಮಕಾಡೆ ಮಲಿಕತ್ತದೆ. ಆಪ್ ಮಾಡುದ್ರೆ ಎದ್ದೇಳ್ತದೆ. ಇದೇನ್ ಬಾವ?"

ಹಿಂದಿನಿಂದ ನಮ್ಮ ಮಾವನವರ ದನಿ ಕೇಳಿಸಿತು: "ಆ ನಂಬರ್ನ ಅಳಿಮಯ್ಯಂದ್ರುಗೇ ವಾಪಸ್ ಕೊಟ್ಬುಡ್ಲಾ!"

ಸವಿತಾ ನನ್ನ ಕಡೆ ತಿರುಗಿ ಸಮಾಧಾನವಾಗಿ ಕೇಳಿದಳು. ಆ ಸಮಾಧಾನಕ್ಕೇ ನನಗೆ ಹೆದರಿಕೆಯಾಯಿತು.

"ಅತ್ತೆ ಟಿವಿಗೆ ಕೊಡೋಕೆ ಮುಂಚೆ ಆ ಒಂದನೇ ನಂಬರ್ ಯಾರ ಹತ್ರ ಇತ್ತು?"

"ಯಾರ ಹತ್ರಾನೂ ಇರಲಿಲ್ಲ" ಎಂದೆ.

ಅವಳು ನಡುಮನೆಗೆ ಹೋಗಿ ದೇವರ ಗೂಡಿನ ಮೇಲಿದ್ದ ಮುಖ್ಯ ಡಬ್ಬಿಯನ್ನು ಇಳಿಸಿ, ಕುಂಕುಮ ಒರೆಸಿ, ಬುಡ ಮೇಲು ಮಾಡಿದಳು. ಅಡಿಯಲ್ಲಿ ಒಂದು ಚೀಟಿ ಅಂಟಿಸಿದ್ದರು. ಅದರಲ್ಲಿ ಡಬ್ಬಿಯ ಸ್ವಂತ ಐಪಿ ಅಡ್ರೆಸ್ ಇತ್ತು. ಕೊನೆಯ 'ಒಂದು' ಸ್ಪಷ್ಟವಾಗಿ ಕಾಣುತ್ತಿತ್ತು.

ಮನೆಗೆಲ್ಲ ನಂಬರ್ ಹಂಚುವ ಡಬ್ಬಿ ಒಂದನೆಯದನ್ನು ತನಗೇ ಇಟ್ಟುಕೊಂಡಿತ್ತು! ಬಡಿಸುವವನೇ ಮೊದಲ ಎಲೆಯ ಮುಂದೆ ಕುಳಿತಿರುತ್ತಾನೆಂದು ನನಗೇನು ಗೊತ್ತು? ಮನೆಯಿಂದ ಹೊರಗೆ ಹೋಗುವುದೆಲ್ಲ ಒಂದನೇ ನಂಬರನ್ನು ಹುಡುಕಿಕೊಂಡೇ ಹೋಗಬೇಕು. ಅವ್ವ ಟಿವಿ ಹಾಕಿದೊಡನೆ ಮನೆಯಲ್ಲಿ ಒಂದನೇ ನಂಬರಿನವರು ಇಬ್ಬರಾಗುತ್ತಿದ್ದರು. ಸವಿತಾಳ ಸೀರೆಗಳು ದಾರಿ ತಪ್ಪಿ ಅವ್ವನ ಟಿವಿಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದವು. ಅದಕ್ಕೆ ಅವನ್ನು ಏನು ಮಾಡಬೇಕೆಂದು ತಿಳಿಯದು.

"ಒಂದನೇ ನಂಬರ್ ಕೊಡುವಾಗ ಆ್ಯಪ್ ಏನೂ ಹೇಳಲಿಲ್ವ?" ಎಂದಳು ಸವಿತಾ.

"ಹೇಳಿತ್ತು."

"ಏನಂತ?"

"ಆಗದು ಅಂತ."

"ಎಷ್ಟು ಸಲ?"

"ಎರಡು."

"ಯಾವ ಬಣ್ಣದಲ್ಲಿ?"

"ಕೆಂಪು" ಎಂದೆ. ಪುಟ್ಟಮಾದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸವಿತಾ ಟಿವಿಯ ವೈಫೈಯನ್ನು ಆರಿಸಿದಳು. ಅಷ್ಟೇ. ಟಿವಿ ಓಡುತ್ತಲೇ ಇತ್ತು, ಮೇಲೆ ಲೈವ್ ಕೂಡ ಬಂತು. ನಾನು ಇಷ್ಟು ದಿನ ಡಬ್ಬಿ ಹೊತ್ತು ತಿರುಗಿದ ಕಾಯಿಲೆಗೆ ಒಂದು ಗುಂಡಿ ಸಾಕಾಗಿತ್ತು. ಮಹೇಶನಿಗೂ ಅದನ್ನೇ ಹೇಳಿ, ಸೀರೆ ಸರಿಮಾಡಿಕೊಂಡು ಮೇಲೆ ಹೋದಳು. ನಾನು ಮೆಟ್ಟಿಲ ಕೆಳಗೆ ನಿಂತು ಕೇಳಿಸಿಕೊಂಡೆ.

"ಕ್ಷಮಿಸಿ ಅಕ್ಕಂದಿರೇ, ನಮ್ಮೆಜಮಾನ್ರು ಅವರ ತಾಯಿಗೆ ಮರ್ಯಾದೆ ಸ್ವಲ್ಪ ಜಾಸ್ತಿ ಮಾಡ್ಬಿಟ್ರು" ಎಂದು ಶುರುಮಾಡಿ, ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಕೆಂಪು ಅಕ್ಷರವನ್ನೂ ಬಿಡಲಿಲ್ಲ! ಬಿಟ್ಟು ಹೋಗಿದ್ದವರು ವಾಪಸ್ ಬಂದರು, ಬರುವಾಗ ಇನ್ನಷ್ಟು ಜನರನ್ನು ಕರೆದುಕೊಂಡು ಬಂದರು. ಮಂಚದ ಮೇಲಿನ ರಾಶಿ ಕರಗಿತು. ನೇಕಾರರಿಗೆ ಸೀರೆ ವಾಪಸ್ ಕೊಡುವ ಮಾತು ಮತ್ತೆ ಬರಲಿಲ್ಲ. ನನ್ನಿಂದ ಆ ವ್ಯಾಪಾರಕ್ಕೆ ಆದ ಉಪಕಾರ ಅದೊಂದೇ, ನನ್ನ ಮಾನ ಹೋಗಿದ್ದು.

ಆದರೆ ನಿಜವಾದ ನಾಚಿಕೆ ಅದಲ್ಲ. ಅದು ಬಂದದ್ದು ಹೆಂಗಸರೆಲ್ಲ ಹೋದ ಮೇಲೆ. ಅವ್ವನ ಕೋಣೆಯಲ್ಲಿ ಅವಳ ಕುರ್ಚಿಯ ಮೇಲೆ ಒಗೆದ ಬಟ್ಟೆಗಳ ರಾಶಿಯಿತ್ತು. ಕೂರುವವರಿಲ್ಲದ ಕುರ್ಚಿಗೆ ಬಟ್ಟೆ ಬಂದು ಸೇರುತ್ತದೆ. ಅವ್ವನಿಗೆ ಒಂದನೇ ನಂಬರ್ ಕೊಟ್ಟವನು ನಾನು. ಅವಳು ಏಳು ಗಂಟೆಗೆ ಎಲ್ಲಿರುತ್ತಾಳೆ ಎಂದು ಒಂದು ದಿನವೂ ನೋಡದವನೂ ನಾನೇ. ಸೊಸೆಯ ವ್ಯಾಪಾರ ನಿಲ್ಲಬಾರದೆಂದು ಅವಳು ಮಂಡಿನೋವು ಇಟ್ಟುಕೊಂಡು ದಿನಾ ರಸ್ತೆ ದಾಟುತ್ತಿದ್ದಳು, ನಾನು ಮೇಲೆ ದೀಪ ಹಿಡಿದು ನನ್ನನ್ನೇ ಮೆಚ್ಚಿಕೊಳ್ಳುತ್ತಿದ್ದೆ.

"ತಪ್ಪಾಯ್ತವ್ವ" ಎಂದೆ.

"ಅದ್ಕೇನೀಗ? ಬಟ್ಟೆ ಮಡಗು, ಉಂಡ್ಕಂಡು ಮಲಿಕೊ" ಎಂದಳು.

ಮರುದಿನ ಬೆಳಗ್ಗೆ ಪುಟ್ಟಮಾದಮ್ಮನ ಮನೆಗೂ ಹೋದೆ. "ನನ್ನದೇ ತಪ್ಪು. ಇನ್ನು ನಿಮ್ಮ ಡಬ್ಬಿಯನ್ನು ಈ ಕಡೆಗೇ ತಿರುಗಿಸಿಕೊಳ್ಳಿ" ಎಂದೆ. "ನಾವೆಲ್ಲಿ ಆವತ್ತು ತಿರುಗುಸ್ದೊ? ಅಂಗೇ ಅದೆ ಕಣಪ್ಪ" ಎಂದಳು. ಅದಕ್ಕೂ ತಲೆಯಾಡಿಸಿ ಬಂದೆ.

ಸಂಜೆ ಏಳಕ್ಕೆ ಅವ್ವನ ಕುರ್ಚಿ ಒರೆಸಿ, ಟಿವಿ ಹಾಕಿ, ಧ್ವನಿ ಸರಿಮಾಡಿ, ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು ಕರೆದೆ. ಅವ್ವ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

"ಎಲ್ಲಿಗವ್ವ? ಈಗ ಎಲ್ಲ ಸರಿಯಾಗಿದೆ!"

"ಆಗ್ಲಿ ಬುಡು. ಇಲ್ಲಿ ಒಬ್ಳೇ ಕುಂತು ಏನ್ ನೋಡದು? ಅಲ್ಲಾದ್ರೆ ಆ ದಾರಾವಾಯಿ ಅತ್ತೇನ ಬಯ್ಯಕ್ಕೆ ಜೊತೆ ಅವ್ರೆ" ಎಂದಳು. ಬಾಗಿಲ ತನಕ ಹೋಗಿ ತಿರುಗಿದಳು. "ಜಗಲಿ ಮ್ಯಾಲೆ ಕುಂತು ಕುಂತು ಸೊಂಟ ಇಡ್ಕಂಡದೆ. ಆ ಕುರ್ಚಿ ತಕಂಡು ಬಾ ಮಗ."

ಹೀಗಾಗಿ ಈಗ ಪ್ರತಿ ಸಂಜೆ ನಾನು ಅವ್ವನ ಕುರ್ಚಿಯನ್ನು ಹೊತ್ತು, ಅವ್ವನನ್ನು ಮುಂದೆ ಬಿಟ್ಟುಕೊಂಡು, ಮನೆಯಿಂದ ಹೊರಗೆ ಬರುತ್ತೇನೆ. ಬೀದಿಯವರು ನೋಡುತ್ತಾರೆ. ನೋಡುವವರ ಕಣ್ಣಿಗೆ ಇದು ಹೇಗೆ ಕಾಣುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಮೊನ್ನೆ ರಾಚಪ್ಪನವರು ದಾರಿಯಲ್ಲೇ ನಿಲ್ಲಿಸಿದರು.

"ಏನ್ಲಾ, ಈಗ ಕುರ್ಚಿ ಸಮೇತ ಆಚ್ಗೆ ಆಕ್ಬುಟ್ಯಾ?"

ನಾನು ಕುರ್ಚಿ ಕೆಳಗಿಟ್ಟೆ. ಐಪಿ ಅಡ್ರೆಸ್ಸಿನಿಂದ ಹಿಡಿದು ಮೂರು ಡಬ್ಬಿ, ಪ್ರಿಂಟರ್, ಅವ್ವನ ಟಿವಿಗೆ ಗೌರವದಿಂದ ಕೊಟ್ಟ ಒಂದನೇ ನಂಬರ್, ಅದೇ ನಂಬರಿನ ಮುಖ್ಯ ಡಬ್ಬಿ, ಎಲ್ಲವನ್ನೂ ಅವರ ಮಂದ ಕಿವಿಗೆ ಕೇಳುವಷ್ಟು ಜೋರಾಗಿ ವಿವರಿಸಿದೆ. ಬೀದಿಯೂ ಕೇಳಿಸಿಕೊಂಡಿತು. ರಾಚಪ್ಪನವರು ಕಣ್ಣು ಮಿಟುಕಿಸದೆ ಪೂರ್ತಿ ಕೇಳಿ, ಕೊನೆಗೆ ಅಂದರು:

"ಅಂಗಾರೆ ಅವ್ವ ನಿನ್ನಿಂದ್ಲೇ ಆಚ್ಗೆ ಓಯ್ತು ಅನ್ನು."

"ಹೌದು" ಎಂದು ಕುರ್ಚಿ ಎತ್ತಿಕೊಂಡೆ.